ಬೀಳಬೇಕಾಗಿದ್ದ ಗೋಡೆ

ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಆದರೆ ಈ ಮುಲುಂಡಿನಲ್ಲಿ ನಾನು ಕಟ್ಟಿದ ಒಂದು ಗೋಡೆ ಬಿರುಕು ಬಿಟ್ಟಿದ್ದನ್ನು ಯಾರಾದರೂ ತೋರಿಸಲಿ, ಅವತ್ತೇ ಕರಣಿ ಕೆಳಗಿಡುತ್ತೇನೆ.

ನಮ್ಮ ಚಾಳಿನ ಎದುರಿಗೆ ಫ್ಲ್ಯಾಟುಗಳ ಒಂದು ಸೊಸೈಟಿ ಇದೆ. ಅಲ್ಲಿನ ಕನ್ನಡದವರು ಪ್ರತಿ ಮೇ ತಿಂಗಳು, ಮಕ್ಕಳಿಗೆ ರಜೆ ಇರುವಾಗ, ಅಂಗಳದಲ್ಲಿ ಹಾಡು, ಕುಣಿತ, ನಾಟಕ ಇಟ್ಟುಕೊಳ್ಳುತ್ತಾರೆ. ಎಲ್ಲ ಬ್ಯಾಂಕು, ಆಫೀಸಿನ ಮಂದಿ. ಚಾಳಿನ ನಾವೂ ಹೋಗುತ್ತೇವೆ, ಕುರ್ಚಿ ಜೋಡಿಸುತ್ತೇವೆ, ಹಿಂದೆ ನಿಲ್ಲುತ್ತೇವೆ. ಕೊನೆಗೆ ದುಡಿದವರ ಹೆಸರನ್ನೆಲ್ಲ ಮೈಕಿನಲ್ಲಿ ಹೇಳುತ್ತಾರೆ. ಶರಬತ್ತು ಕಲಕಿದವರದ್ದೂ ಬರುತ್ತದೆ. ನನ್ನದು ಒಮ್ಮೆಯೂ ಬಂದಿರಲಿಲ್ಲ. ಅವರಿಗೆಲ್ಲ ನಾನು ಬರೀ ಮೇಸ್ತ್ರಿ.

ಹೋದ ವರ್ಷದ ನಾಟಕದಲ್ಲಿ ಸೆರೆಯಲ್ಲಿದ್ದ ರಾಜ ಗೋಡೆ ಒದ್ದು ಬೀಳಿಸಿ ಹೊರಗೆ ಬರಬೇಕಿತ್ತು. ರಾಜನ ಪಾರ್ಟು ಮೈಸೂರು ಕಡೆಯ ಬ್ಯಾಂಕ್ ಸಾಹೇಬರದ್ದು. ನಾಟಕ ಆಡಿಸುವವರೂ ಅವರೇ. ಗೋಡೆಗೆ ಥರ್ಮಾಕೋಲ್ ತರಿಸುತ್ತೇನೆ ಅಂದರು. ನನಗೆ ತಡೆಯಲಾಗಲಿಲ್ಲ. ಗಾಳಿಗೆ ಅಲುಗಾಡುವುದಕ್ಕೆ ಗೋಡೆ ಅಂತ ಹೇಗೆ ಅನ್ನೋದು, ಖರೇ ಇಟ್ಟಂಗಿಯದ್ದೇ ಕಟ್ಟಿಕೊಡುತ್ತೇನೆ, ಒಂದೇ ಒದೆತಕ್ಕೆ ಬೀಳುವ ಹಾಗೆ ಕಟ್ಟುತ್ತೇನೆ ಅಂದೆ.

"ಬಿದ್ರೆ ನಿಮ್ಮ ಹೆಸರು ಮೈಕಲ್ಲಿ ಹೇಳ್ತೀನಿ, ಮೇಸ್ತ್ರಿ," ಅಂದರು ಸಾಹೇಬರು.

ನಾಲ್ಕು ದಿನ ಮುಂಚೆ, ನಾಟಕ ಆಡುವ ಅಂಗಳದ ಕಟ್ಟೆಯ ನಡುವೆ ಗೋಡೆ ಎಬ್ಬಿಸಿದೆ. ಎದೆಮಟ್ಟ, ಒಂದೇ ಇಟ್ಟಂಗಿ ದಪ್ಪ. ಗಾರೆಯಲ್ಲಿ ಉಸುಕೇ ಉಸುಕು, ಸಿಮೆಂಟು ಹೆಸರಿಗಷ್ಟೇ. ನನ್ನ ಕೈಯನ್ನು ನಾನೇ ಬೈದು ಬೈದು ಕೆಟ್ಟದಾಗಿ ಕೆಲಸ ಮಾಡಿಸಿದೆ.

ಆಮೇಲೆ ಒಂದು ತಪ್ಪು ಮಾಡಿದೆ. ಬೆಳಿಗ್ಗೆ ಕೆಲಸಕ್ಕೆ ಹೊರಟಾಗ ದಿನಾ ಒಂದು ಬಕೆಟ್ ನೀರು ಅದಕ್ಕೆ ಹೊಯ್ದೆ. ಅಂಥ ಬಿಸಿಲಲ್ಲಿ ಹೊಸ ಗೋಡೆ ಒಣಗಿ ನಿಂತಿದ್ದು ಕಂಡರೆ, ನೀರು ಹಾಕದೆ ಮುಂದೆ ಹೋಗಲು ಗೋಡೆ ಕಟ್ಟುವ ಗೌಂಡಿಯ ಕಾಲು ಏಳುವುದಿಲ್ಲ. ನೀರು ಕುಡಿದಷ್ಟೂ ಸಿಮೆಂಟು ಗಟ್ಟಿಯಾಗುತ್ತದೆ ಅನ್ನೋದು ಆಗ ತಲೆಗೇ ಬರಲಿಲ್ಲ.

ನಾಟಕದ ಸಂಜೆ ರಾಜ ಒದ್ದ. ಗೋಡೆ ಸುಮ್ಮನಿತ್ತು. ಮತ್ತೆ ಒದ್ದ, ಕಿರೀಟ ಬಿತ್ತು. ಜನ ನಗತೊಡಗಿದರು. ಪಕ್ಕದಲ್ಲಿದ್ದ ನನ್ನ ಹೆಂಡತಿ ಸಣ್ಣ ದನಿಯಲ್ಲಿ, "ನೀವು ಮರ್ತಿರ್ತೀರಿ ಅಂತ ದಿನಾ ಸಂಜಿಮುಂದ ನಾನೂ ಎರಡು ಕೊಡ ನೀರು ಹಾಕೀನ್ರಿ," ಅಂದಳು.

ಮೂರನೆಯ ಒದೆತಕ್ಕೆ ಸಾಹೇಬರು ಕಾಲು ಹಿಡಿದುಕೊಂಡು ಕೂತೇ ಬಿಟ್ಟರು. ಮೈಕಿನ ಹೆಸರು ಅಲ್ಲಿಗೆ ಹೋಯಿತು.

"ಯಾರಯ್ಯಾ ಈ ಗೋಡೆ ಕಟ್ಟಿದವನು?" ರಾಜ ಕೂತಲ್ಲಿಂದಲೇ ಕೇಳಿದ. ನಾಟಕದಲ್ಲಿ ಇಲ್ಲದ ಮಾತು ಅದು, ಕಣ್ಣು ನನ್ನ ಮೇಲೆ.

"ನಾನ್ರಿ, ಮಹಾರಾಜರ," ಅಂದೆ ಹಿಂದಿನಿಂದ. "ಅದು ಬೀಳಂಗಿಲ್ರಿ. ಬಾಜೂಕ ಜಾಗಾ ಐತಿ, ಸುತ್ತ ಹಾಯ್ದು ಬರ್ರಿ."

ಬೇರೆ ದಾರಿ ಇರಲಿಲ್ಲ. ರಾಜ ಎದ್ದು, ಕುಂಟುತ್ತ ಗೋಡೆಯ ಪಕ್ಕದಿಂದ ನಡೆದು ಸೆರೆಯಿಂದ ಪಾರಾದ. ಕಾವಲಿನವನೂ ನಗು ತಡೆಯಲಾಗದೆ ಕೈಲಿದ್ದ ಭರ್ಚಿ ಕೆಳಗಿಟ್ಟ.

ಎಲ್ಲ ಮುಗಿದ ಮೇಲೆ ಸಾಹೇಬರು ಮೈಕ್ ಹಿಡಿದು ಹೆಸರು ಓದಿ ಮುಗಿಸಿದರು. ಚೀಟಿ ಮಡಚಿ ಕಿಸೆಗಿಟ್ಟರು. ನಾನು ಕುರ್ಚಿ ಎತ್ತಲು ಬಾಗಿದ್ದೆ. ಆಗ ನನ್ನ ಹೆಸರು ಕೇಳಿಸಿತು, ನಮ್ಮಪ್ಪನ ಹೆಸರು, ಊರು ಸಮೇತ.

"ಗೋಡೆ ಕಟ್ಟಿದವರು ಇಲ್ಲೇ ಇದ್ದಾರೆ," ಅಂದರು. "ಗೋಡೆನೂ ಇಲ್ಲೇ ಇದೆ."

ಬೈದರೋ ಹೊಗಳಿದರೋ ಇವತ್ತಿಗೂ ತಿಳಿದಿಲ್ಲ. ಚಪ್ಪಾಳೆ ಮಾತ್ರ ಬಹಳ ಹೊತ್ತು ಕೇಳಿಸುತ್ತಲೇ ಇತ್ತು. ಎತ್ತಿದ್ದ ಎರಡು ಕುರ್ಚಿ ಕೆಳಗಿಟ್ಟು ಕೈ ಮುಗಿದೆ.