ಹಿಡಿಯೋರು ಮೊದಲ

ಮುನವಳ್ಳಿಯಲ್ಲಿ ನಮ್ಮ ಓಣಿಯ ಹುತುತು ಆಟದ ಪಡೆಗೆ ಆಳು ಆರಿಸುತ್ತಿದ್ದವನು ಒಬ್ಬ ಕಮ್ಮಾರ. ಹೊಳೆಯ ಮರಳಲ್ಲಿ ಎರಡು ಪಡೆಗಳ ಹಿರಿಯರು ನಿಂತು ಸರದಿಯಂತೆ ಒಬ್ಬೊಬ್ಬರನ್ನು ಕರೆಯುವುದು ಪದ್ಧತಿ. ಕರೆಯುವ ಮುಂಚೆ ಇವನು ಎದೆಗೆ ಅಂಗೈ ಇಟ್ಟು ಒತ್ತಿ ನೋಡುತ್ತಿದ್ದ. ಹಿಂದೆ ಸರಿಯದವನಿಗೆ ಮೊದಲ ಕರೆ.

ಉಸಿರು ಕಟ್ಟಿ ಗೆರೆ ದಾಟಿ, ಎದುರಿನವರನ್ನು ಮುಟ್ಟಿ ಬರುವ ಓಟಗಾರ ನಾನು. ನೋಡುವವರು ಕೂಗುತ್ತಿದ್ದದ್ದು ನನ್ನ ಹೆಸರನ್ನೇ. ಆದರೂ ಅವನ ಮೊದಲ ಕರೆ ಪ್ರತಿ ವರ್ಷ ದಪ್ಪ ಕಾಲಿನ ಗಾಣಿಗನಿಗೆ, ನುಗ್ಗಿದವರನ್ನು ಹಿಡಿದು ಕೆಡಹುವವನಿಗೆ. ನಾನು ಸಿಟ್ಟಾದರೆ ನಗದೆ ಹೇಳುತ್ತಿದ್ದ: "ಹಿಡಿಯೋರು ಮೊದಲ. ಓಡೋರು ಆಮ್ಯಾಲೆ. ತಡಿಯೋ, ನಿನ್ನ ಪಾಳಿನೂ ಬರತೈತಿ."

ಪ್ಲೇಗು ಬಂದಾಗ ಊರು ಖಾಲಿಯಾಗಿ ಹೊಲಗಳಲ್ಲಿ ಗುಡಿಸಲುಗಳೆದ್ದವು. ಹೆಣ ಹೊರಲು ಬಂಧುಗಳೇ ಹಿಂಜರಿದಾಗ ಕಮ್ಮಾರ ಗುಡಿಸಲಿಂದ ಗುಡಿಸಲಿಗೆ ಹೋಗಿ ಆಳು ಕರೆದ. ಮೊದಲು ಅದೇ ಗಾಣಿಗ, ಬಳಿಕ ಉಳಿದ ಹಿಡಿಯುವವರು. "ನಾನೂ ಬರ್ಲೇನು?" ಎಂದು ಕೇಳಿದೆ. "ನಿಂದು ಆಮ್ಯಾಲೆ," ಎಂದ. ಹೊತ್ತವರಲ್ಲಿ ಕೊನೆಗೆ ಬದುಕಿ ಉಳಿದವನು ಕಮ್ಮಾರನೊಬ್ಬನೇ.

ಊರು ಮತ್ತೆ ತುಂಬಿದ ಮೇಲೆ ಮರಳಲ್ಲಿ ಆಟ ಕೂಡಿತು. ಕಮ್ಮಾರ ಎಂದಿನಂತೆ ನಿಂತು, "ಗಾಣಿಗ್ಯಾ, ಬಾರಲೇ," ಎಂದು ಕರೆದುಬಿಟ್ಟ. ಎದುರು ಪಡೆಯ ಹಿರಿಯ ತನ್ನ ಸರದಿ ತೆಗೆದುಕೊಳ್ಳದೆ ತಲೆ ತಗ್ಗಿಸಿದ. ಆಮೇಲೆ ಕಮ್ಮಾರ ನನ್ನ ಕಡೆ ತಿರುಗಿ, "ನೀ ಬಾರೋ," ಎಂದ.

ಎದೆಗೆ ಅಂಗೈ ಇಟ್ಟು ಒತ್ತಿದ. ಕಾಲೂರಿ ನಿಂತರೂ ನಾನು ಹಿಂದೆ ಸರಿದೆ. ಅವನ ಕೈ ಮಾತ್ರ ನಾನು ನಿಂತಿದ್ದ ಜಾಗದಲ್ಲಿ, ಗಾಳಿಯಲ್ಲಿ, ಹಾಗೆಯೇ ಉಳಿದಿತ್ತು.