ಎರಡಕ್ಷರದ ಯಜಮಾನರು

ಮೇಟಗಳ್ಳಿಯ ಕಾರ್ಖಾನೆಯೊಂದರ ಕಚೇರಿಯಲ್ಲಿ ಪತ್ರವ್ಯವಹಾರ ನೋಡಿಕೊಳ್ಳುವ ನನಗೆ ಕೆಲಸಕ್ಕಿಂತ ಕೆಲಸ ಉಳಿಸುವ ಉಪಾಯಗಳ ಮೇಲೆಯೇ ಪ್ರೀತಿ ಹೆಚ್ಚು. ನಾನು ಪತ್ರ ಬರೆಯುವ ಕಂಪ್ಯೂಟರಿನ ಎಡಿಟರಿಗೆ ಒಂದಿಷ್ಟು ಸಂಕ್ಷೇಪಗಳನ್ನು ಕಲಿಸಿಟ್ಟಿದ್ದೇನೆ. ಎರಡು ಅಕ್ಷರ ಒತ್ತಿ ಸ್ಪೇಸ್ ಕೊಟ್ಟರೆ ಸಾಕು, ಇಡೀ ಇಮೇಲ್ ವಿಳಾಸ ತಾನಾಗಿ ಬಂದು ಕೂರುತ್ತದೆ. ಹೊಸದಾಗಿ ಸೇರಿದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದನ್ನು ತೋರಿಸುವುದು ನನ್ನ ಚಟ. ಅವರು "ಅಬ್ಬಾ" ಅನ್ನುವವರೆಗೂ ಬಿಡುವುದಿಲ್ಲ.

ಈ ವಿದ್ಯೆ ಶುರುವಾದದ್ದು ಯಾಕೆಂದು ಮಾತ್ರ ಯಾರಿಗೂ ಹೇಳಿರಲಿಲ್ಲ. ನಾನು ಗಂಡನ ಹೆಸರು ಹೇಳುವುದಿಲ್ಲ. ಹೇಳಬಾರದೆಂದು ಯಾರೂ ಕಟ್ಟಪ್ಪಣೆ ಮಾಡಿಲ್ಲ. ಅಜ್ಜಿ ಹೇಳುತ್ತಿರಲಿಲ್ಲ, ಅಮ್ಮ ಹೇಳುತ್ತಿರಲಿಲ್ಲ, ನನಗೂ ಬಾಯಿ ಬರಲಿಲ್ಲ. ಮದುವೆಯಾದ ಹೊಸದರಲ್ಲಿ ಹೊಸ್ತಿಲ ಬಳಿ ನಿಲ್ಲಿಸಿ ಹೆಸರು ಹೇಳಿಸಿದಾಗ ನಾನು ಎಷ್ಟು ಮೆಲ್ಲಗೆ ಗೊಣಗಿದೆನೆಂದರೆ, ಕೇಳಿ ಕೇಳಿ ಸಾಕಾಗಿ ಒಳಗೆ ಬಿಟ್ಟುಕೊಂಡರು. ಇವರ ಇಮೇಲ್ ವಿಳಾಸವೋ, ಪೂರ್ತಿ ಹೆಸರಿನಿಂದಲೇ ಶುರುವಾಗುತ್ತದೆ. ಟೈಪ್ ಮಾಡಿದರೆ ಸದ್ದಿಲ್ಲ, ನಿಜ. ಆದರೆ ಬೆರಳು ಒತ್ತಿದ್ದನ್ನು ಮನಸ್ಸು ಒಳಗೇ ಓದುತ್ತದಲ್ಲ! ತಿಂಗಳ ಸಾಮಾನಿನ ಪಟ್ಟಿ ಕಳಿಸುವಾಗಲೆಲ್ಲ ಕಚೇರಿಯಲ್ಲಿ ಕೂತು ಕಿವಿ ಬಿಸಿ ಮಾಡಿಕೊಳ್ಳುತ್ತಿದ್ದೆ. ಅದಕ್ಕೇ ಯಜಮಾನರನ್ನು ವೈ, ಜೆ ಎಂಬ ಎರಡು ಇಂಗ್ಲಿಷ್ ಅಕ್ಷರಗಳಿಗೆ ಇಳಿಸಿಬಿಟ್ಟೆ. ಉಳಿದವರ ಮುಂದೆ ಅದನ್ನು ಸಮಯದ ಉಳಿತಾಯ ಎಂದು ಮಾರಿದೆ.

ಒಂದು ರಜಾದಿನ ಮಧ್ಯಾಹ್ನ ವಿಜಯನಗರದ ನಮ್ಮ ಮನೆಯಲ್ಲಿ ಇವರಿಗೆ ಮೂತ್ರಪಿಂಡದ ಕಲ್ಲಿನ ನೋವು ಬಂತು. ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದೆ. ಹಿಂದೊಮ್ಮೆ ಅಲ್ಲೇ ಒಂದು ನೋವಿನ ಇಂಜೆಕ್ಷನ್ ಒಗ್ಗದೆ ಇವರ ಮುಖವೆಲ್ಲ ಊದಿ, ಉಸಿರು ಕಟ್ಟಿ, ನನ್ನ ಜೀವ ಬಾಯಿಗೆ ಬಂದಿತ್ತು. ಯಾವ ಔಷಧಿ ಎಂದು ನಮ್ಮಿಬ್ಬರಿಗೂ ನೆನಪಿಲ್ಲ. ಹಳೆಯ ದಾಖಲೆ ಸಿಗುವವರೆಗೂ ಇಂಜೆಕ್ಷನ್ ಕೊಡುವುದಿಲ್ಲ ಎಂದರು ಡಾಕ್ಟರು. ಗಾಲಿಕುರ್ಚಿಯಲ್ಲಿ ಇವರು ಮುದುರಿಕೊಂಡು ನರಳುತ್ತಿದ್ದರು.

"ಪೇಷೆಂಟ್ ಹೆಸರೇನು ಮೇಡಂ?" ಎಂದಳು ಗಾಜಿನ ಕಿಂಡಿಯ ಹಿಂದಿನ ಹುಡುಗಿ.

ನಾನು ಇವರ ಗುರುತಿನ ಚೀಟಿ ಒಳಗೆ ತಳ್ಳಿದೆ. ಅಂಥ ಹೊತ್ತಿನಲ್ಲೂ ನನ್ನ ಜಾಣತನಕ್ಕೆ ಒಳಗೊಳಗೇ ಬೀಗಿದೆ.

"ಈ ಹೆಸರಲ್ಲಿ ಒಂಬತ್ತು ಜನ ಅವ್ರೆ. ಫೋನ್ ನಂಬರ್ರು?"

ಹಳೆಯ ನಂಬರು ಬಿಟ್ಟು ವರ್ಷವಾಗಿತ್ತು, ನೆನಪಿರಲಿಲ್ಲ.

"ಇಮೇಲ್ ಕೊಟ್ಟಿರ್ತೀರಲ್ಲ, ಅದನ್ನಾದ್ರೂ ಹೇಳಿ."

ಬಾಯಿ ತೆರೆದೆ. ನನಗೆ ಗೊತ್ತಿದ್ದದ್ದು ಎರಡೇ ಅಕ್ಷರ. ಹೆಸರಿನ ಮುಂದೆ ಊರು ಇತ್ತೋ, ಅಂಕಿ ಇತ್ತೋ, ಚುಕ್ಕೆ ಎಲ್ಲಿತ್ತೋ, ಒಂದೂ ತಿಳಿಯದು. ವರ್ಷಗಟ್ಟಲೆ ಎಡಿಟರೇ ಬರೆದಿತ್ತು, ನಾನಲ್ಲ. "ರೀ, ನಿಮ್ಮ ಇಮೇಲ್ ಏನ್ರೀ?" ಎಂದರೆ ಇವರು "ಅಯ್ಯಯ್ಯೋ" ಎಂದರು. ಊರಿಗೆಲ್ಲ ಪಾಠ ಹೇಳುವ ನನ್ನ ತಲೆಗೆ ನಾನೇ ಮೊಟಕಿಕೊಳ್ಳಬೇಕು ಅನ್ನಿಸಿತು.

ಇವರ ಫೋನು ಮನೆಯಲ್ಲೇ ಉಳಿದಿತ್ತು, ನನ್ನ ಹಳೇ ಫೋನಿನಲ್ಲಿ ಇಮೇಲ್ ಇರಲಿಲ್ಲ. ಕಚೇರಿಗೆ ಫೋನ್ ಮಾಡಿದೆ. ಆ ದಿನ ಡ್ಯೂಟಿಯಲ್ಲಿದ್ದ ಸಹೋದ್ಯೋಗಿ ಸಿಕ್ಕಳು. ನನ್ನ ಕಂಪ್ಯೂಟರ್ ತೆರೆಸಿ, ಎಡಿಟರಿನಲ್ಲಿ ವೈ, ಜೆ ಒತ್ತಲು ಹೇಳಿದೆ.

"ಒತ್ತಿದೆ. ಏನೂ ಆಗ್ಲಿಲ್ಲ ಕಣ್ರೀ."

"ಸ್ಪೇಸ್ ಒತ್ತಮ್ಮ!"

"ಹಾಂ, ಬಂದ್ಬುಡ್ತು! ಎಷ್ಟುದ್ದ ಅದೆ! ಇದ್ಯಾರ್ದು ಮೇಡಂ?"

"ನಮ್ಮನೆಯವರದು ಕಣೇ, ಬೇಗ ಓದು."

ಅವಳು ಓದಿದಳು. ಫೋನನ್ನು ಕಿಂಡಿಗೆ ಹಿಡಿದರೆ ಆ ಗದ್ದಲದಲ್ಲಿ ಹುಡುಗಿಗೆ ಕೇಳಿಸದು. ಪೆನ್ನಿದ್ದ ಚೀಲ ಇವರ ಮಡಿಲಲ್ಲಿ, ಇವರು ಅದನ್ನು ಹೊಟ್ಟೆಗೆ ಅವುಚಿಕೊಂಡಿದ್ದರು.

"ನೀವೇ ಜೋರಾಗಿ ಹೇಳ್ಬುಡಿ ಮೇಡಂ," ಎಂದಳು ಹುಡುಗಿ.

ಹೇಳಿದೆ. ಮೊದಲ ಸಲ ಗೊಣಗಿದ್ದು ಅವಳಿಗೆ ಕೇಳಲಿಲ್ಲ. ಎರಡನೆಯ ಸಲ ಕಣ್ಣು ಮುಚ್ಚಿಕೊಂಡು ಕೂಗಿದೆ. ಪೂರ್ತಿ ಹೆಸರು, ಆಮೇಲೆ ಊರು, ಅಂಕಿ, ಚುಕ್ಕೆ. ಔಷಧಿ ಚೀಟಿ ಹಿಡಿದು ನಿಂತಿದ್ದವರೆಲ್ಲ ತಿರುಗಿ ನೋಡಿದರು.

"ಸಿಕ್ತು ಮೇಡಂ," ಎಂದು ಹುಡುಗಿ ಒಳಗೆ ಫೋನ್ ಮಾಡಿದಳು. ಒಗ್ಗದ ಔಷಧಿ ಯಾವುದೆಂದು ದಾಖಲೆಯಲ್ಲಿ ನೋಡಿಕೊಂಡು, ನರ್ಸ್ ಇನ್ನೊಂದು ಇಂಜೆಕ್ಷನ್ ಹಿಡಿದು ಹೊರಬಂದರು.

ಹಿಂತಿರುಗಿದರೆ, ಸೂಜಿ ಚುಚ್ಚುವ ಮೊದಲೇ ಇವರ ನರಳಾಟ ನಿಂತಿತ್ತು. ಕುತ್ತಿಗೆ ಉದ್ದ ಮಾಡಿ, ನನ್ನನ್ನು ದಾಟಿ, ಬಾಗಿಲ ಕಡೆ ಯಾರನ್ನೋ ಹುಡುಕುತ್ತಿದ್ದರು.

"ಯಾರೋ ಹೆಂಗಸು ನನ್ನ ಹೆಸರು ಕೂಗಿದ್ರು, ಯಾರು ನೋಡು," ಎಂದರು.

ಮದುವೆಯಾಗಿ ಇಪ್ಪತ್ತಾರು ವರ್ಷ. ನನಗೆ ಅಳು ಬಂತು.

"ನಾನೇ ಕಣ್ರೀ," ಎಂದೆ.