ಸರ್ವಮಂಗಳಮ್ಮನ ಅಳು

ದಾವಣಗೆರೆಯ ವಿದ್ಯಾನಗರದಲ್ಲಿ ಹಾಸ್ಟೆಲ್ ಹುಡುಗರಿಗೆ ರೊಟ್ಟಿ ಬಡಿದುಕೊಡುತ್ತಿದ್ದ ಸರ್ವಮಂಗಳಮ್ಮನಿಗೆ ನೆಂಟರಲ್ಲಿ ಬೇರೆಯದೇ ಕಾರಣಕ್ಕೆ ಹೆಸರಿತ್ತು. ಯಾರ ಮನೆಯಲ್ಲಿ ಸಾವಾದರೂ ಮೊದಲು ಆಕೆಗೆ ಹೇಳಿಕಳಿಸುತ್ತಿದ್ದರು. ಹೆಣದ ಮುಂದೆ ಕೂತು ಹಾಡಿಕೊಂಡು ಅಳುವುದರಲ್ಲಿ ಆಕೆಯನ್ನು ಮೀರಿಸುವವರು ತವರೂರು ಕೊಕ್ಕನೂರಿನಲ್ಲೂ ಇರಲಿಲ್ಲ. ಸತ್ತವರು ಹೇಗೆ ನಡೆಯುತ್ತಿದ್ದರು, ಯಾವ ಪಲ್ಯ ಕಂಡರೆ ಮುಖ ಸಿಂಡರಿಸುತ್ತಿದ್ದರು, ಮಕ್ಕಳನ್ನು ಏನೆಂದು ಕರೆಯುತ್ತಿದ್ದರು, ಎಲ್ಲವನ್ನೂ ರಾಗಕ್ಕೆ ಕೂರಿಸಿ ಅತ್ತರೆ, ಬಿಗಿದುಕೊಂಡು ನಿಂತ ಗಂಡಸರೂ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದರು.

ತೊಂಬತ್ತೆಂಟನೇ ಇಸವಿಯಲ್ಲಿ ಆಕೆಯ ತಂಗಿ ಬಸವಣ್ಣೆಮ್ಮನ ಗಂಡ ವಾಮದೇವಪ್ಪ ತೀರಿಹೋದ. ಮಣ್ಣು ಮಾಡಿ ಬಂದ ಮೇಲೆ ತಂಗಿ ಉಣ್ಣುವುದನ್ನೇ ಮರೆತಳು. ಹರಿಹರದಲ್ಲಿ ಹೊಳೆ ಕಡೆಯ ಓಣಿಯಲ್ಲಿ ಅನ್ನಪೂರ್ಣಮ್ಮ ಎಂಬಾಕೆ ಇದ್ದಾಳೆ, ಸತ್ತವರು ಪ್ರತಿ ಸೋಮವಾರ ಆಕೆಯ ಮೈಮೇಲೆ ಬಂದು ಮಾತಾಡುತ್ತಾರೆ ಎಂದು ಯಾರೋ ಹೇಳಿದ್ದೇ ತಡ, ಬಸ್ಸು ಹತ್ತಿದಳು. ಎರಡು ಸಲ ಹೋದಾಗ ಏನೂ ಆಗಲಿಲ್ಲ. ಮೂರನೇ ಸಲ ಅನ್ನಪೂರ್ಣಮ್ಮ ಕೂದಲು ಬಿಚ್ಚಿಕೊಂಡು ತೂಗಾಡುತ್ತ, ಗಂಡುದನಿಯಲ್ಲಿ ಅಂದಳು:

"ಕೊನೇ ದಿನ ಕೇಸರಿಬಾತ್ ಕೇಳಿದ್ದೆ. ಕೊಡಲಿಲ್ಲಲ್ಲ ನೀನು."

ಬಸವಣ್ಣೆಮ್ಮ ಅನ್ನಪೂರ್ಣಮ್ಮನ ಕಾಲು ಹಿಡಿದಳು. ಸಕ್ಕರೆ ಕಾಯಿಲೆಯ ಮನುಷ್ಯ ಬೆಳಿಗ್ಗೆ ಸಿಹಿ ಕೇಳಿದ್ದ, ಈಕೆ ಗದರಿದ್ದಳು, ಸಂಜೆಗೆ ಅವನಿರಲಿಲ್ಲ. ಮಗಳಿಗೂ ಹೇಳದೆ ಎದೆಯಲ್ಲಿಟ್ಟುಕೊಂಡಿದ್ದ ಮಾತು ಅದು. ಅವತ್ತಿನಿಂದ ಅನ್ನಪೂರ್ಣಮ್ಮ ಹೇಳಿದ್ದೆಲ್ಲ ವಾಮದೇವಪ್ಪನ ಮಾತೇ ಆಯಿತು. ಆ ಮಾತು ಒಂದು ದಿನ ಅಪ್ಪಣೆಯಾಗಿ ಬಂತು. ಮಗಳು ತನುಶ್ರೀಯ ಕಾಲೇಜು ಬಿಡಿಸು, ಯುಗಾದಿಯೊಳಗೆ ಮಲೆಬೆನ್ನೂರಿನ ರವಿಚಂದ್ರನಿಗೆ ಧಾರೆ ಎರೆದುಕೊಡು. ಆ ರವಿಚಂದ್ರ ಅನ್ನಪೂರ್ಣಮ್ಮನ ಸ್ವಂತ ಅಕ್ಕನ ಮಗ.

ತನುಶ್ರೀ ಓಡಿಬಂದು ರೊಟ್ಟಿ ಹಂಚಿನ ಪಕ್ಕ ಕೂತಳು.

"ದೊಡ್ಡಮ್ಮಾ, ಬದುಕಿದ್ದಾಗ ಕಾಲೇಜಿಗೆ ಹೋಗು ಅಂತ ಸೈಕಲ್ ಕೊಡಿಸಿದ್ದು ಅಪ್ಪ. ಸತ್ತ ಮೇಲೆ ಯಾಕ ಬುದ್ಧಿ ಬದಲಾತು?"

ಸರ್ವಮಂಗಳಮ್ಮ ಹಿಟ್ಟಿನ ಕೈ ತೊಳೆದಳು. ಮರು ಸೋಮವಾರ ತಂಗಿಯ ಜೊತೆ ಹರಿಹರಕ್ಕೆ ಹೊರಟಳು.

ಅನ್ನಪೂರ್ಣಮ್ಮನ ಪಡಸಾಲೆಯಲ್ಲಿ ಸರದಿಗೆ ಕಾಯುವ ಜನ. ನಡುವೆ ಹುಲಿಗೆಮ್ಮ ಎಂಬ ಹೆಂಗಸು. ಮಗನನ್ನು ಕಳಕೊಂಡವಳಂತೆ. ಬಂದವರ ಕೊರಳು ತಬ್ಬಿ, ಜೊತೆಗೆ ಅಳುತ್ತಿದ್ದಳು.

"ಅಯ್ಯೋ ನನ್ನ ಮಗನೇ, ಬಿಟ್ಟುಹೋದ್ಯೋ... ನಿಮ್ಮ ಯಜಮಾನ್ರು ಏನು ಉಣ್ತಿದ್ರವ್ವಾ... ನಿಮ್ಮನ್ನ ಏನಂತ ಕರೀತಿದ್ರವ್ವಾ..."

ಬಸವಣ್ಣೆಮ್ಮ ಅವಳ ಹೆಗಲಿಗೆ ಒರಗಿ, ಗಂಡನ ಒಂದೊಂದೇ ಸಂಗತಿ ಹಾಡಿಕೊಂಡು ಅತ್ತಳು. ಸರ್ವಮಂಗಳಮ್ಮ ಮಾತ್ರ ಅಳಲಿಲ್ಲ, ಕಿವಿಗೊಟ್ಟು ಕೂತಳು. ಹುಲಿಗೆಮ್ಮನ ಅಳುವಿನಲ್ಲಿ ರಾಗವಿತ್ತು, ಬಿಕ್ಕುವಿಕೆಯಿತ್ತು, ಮಗ ಮಾತ್ರ ಇರಲಿಲ್ಲ. ಅವನಿಗೊಂದು ನಡಿಗೆಯಿಲ್ಲ, ಒಂದು ತಂಟೆಯಿಲ್ಲ, ಇಷ್ಟದ ತುತ್ತಿಲ್ಲ. ಇದ್ದದ್ದು ಬರೀ ಪ್ರಶ್ನೆ. ಹೆತ್ತವಳು ಹೀಗೆ ಅಳುವುದನ್ನು ಆಕೆ ಯಾವ ಸಾವಿನ ಮನೆಯಲ್ಲೂ ಕೇಳಿರಲಿಲ್ಲ. ಅತ್ತು ಮುಗಿದೊಡನೆ ಹುಲಿಗೆಮ್ಮ ನೀರು ಕುಡಿಯಲೆಂದು ಒಳಮನೆಗೆ ಎದ್ದುಹೋದಳು.

ವಾಪಸು ಬರುವಾಗ ಬಸ್ಸಿನಲ್ಲಿ ಸರ್ವಮಂಗಳಮ್ಮ ಕೇಳಿದಳು: "ಕೇಸರಿಬಾತಿನ ಮಾತು ಆ ಹುಲಿಗೆಮ್ಮಗೆ ಹೇಳಿದ್ದೇನೇ?"

"ಇಲ್ಲಕ್ಕ. ಯಾರಿಗೂ ಹೇಳಿಲ್ಲ."

"ಅವಳ ಮುಂದೆ ಅತ್ತಿದ್ಯಾ?"

"ಅತ್ತಿದ್ದೆ. ಅತ್ತಿದ್ದು ಹೇಳಿದಂಗೇನು?"

ಸರ್ವಮಂಗಳಮ್ಮನಿಗೆ ಎಲ್ಲ ತಿಳಿದುಹೋಯಿತು. ಆದರೆ ತಂಗಿಗೆ ತಿಳಿಸುವುದು ಹೇಗೆ? ಹೇಳಿದರೆ ಜಗಳವಾಗುತ್ತಿತ್ತು, ಅಷ್ಟೆ. ಅದಕ್ಕೆ ಪಂಥ ಕಟ್ಟಿದಳು: "ಬರೋ ಸೋಮವಾರ ನಾನು ಒಂದು ಸುಳ್ಳು ಅಳ್ತೀನಿ. ನಿನ್ನ ಅನ್ನಪೂರ್ಣಮ್ಮ ಅದನ್ನ ಸುಳ್ಳು ಅಂತ ಹಿಡಿದ್ರೆ, ತನುಶ್ರೀ ಮದುವಿ ನಾನೇ ಮುಂದೆ ನಿಂತು ಮಾಡ್ತೀನಿ. ಹಿಡೀಲಿಲ್ಲ ಅಂದ್ರೆ ಹುಡುಗಿ ಓದ್ತಾಳೆ. ಅಲ್ಲೀತನಕ ಬಾಯಿ ಬಿಡಬ್ಯಾಡ."

"ಹಿಡೀತಾಳೆ ಬಿಡು," ಎಂದಳು ಬಸವಣ್ಣೆಮ್ಮ.

ಸರ್ವಮಂಗಳಮ್ಮನ ಮೈದುನ ಕೊಟ್ಟೂರಪ್ಪನಿಗೆ ಮಂಡಕ್ಕಿ ಮಿರ್ಚಿ ಅಂಗಡಿ. ಗಟ್ಟಿಮುಟ್ಟಾದ ಆಳು. ವಿಷಯ ಕೇಳಿ ಜಾಲರಿ ಸೌಟನ್ನು ಬಾಣಲೆಯಲ್ಲೇ ಬಿಟ್ಟ.

"ಇದ್ದಕ್ಕಿದ್ದಂಗೆ ನನ್ನ ಯಾಕ ಸಾಯಿಸ್ತೀರಿ ಅತ್ತಿಗೆ?"

"ಬದುಕಿರೋರು ಸತ್ತರು ಅಂತ ಸುದ್ದಿ ಆದ್ರೆ ಆಯುಷ್ಯ ಹೆಚ್ಚಾಗ್ತೈತಂತೆ."

"ಹಂಗಾರೆ ಚೊಲೋತ್ನಾಗೆ ಅಳ್ರಿ. ಅರೆಬರೆ ಅಳಬ್ಯಾಡ್ರಿ."

ಸೋಮವಾರ ಪಡಸಾಲೆಯಲ್ಲಿ ಹುಲಿಗೆಮ್ಮ ತಬ್ಬಿದ್ದೇ ಸರ್ವಮಂಗಳಮ್ಮ ಶುರುಮಾಡಿದಳು.

"ಬಿಳಿ ಎತ್ತು ಬಾಗಿಲಾಗೆ ನಿಂತೈತೋ ನನ್ನ ಕೊಟ್ಟೂರಪ್ಪಾ... ಹಾಕಿದ ಮೇವು ಮುಟ್ಟವಲ್ದೋ ನನ್ನ ಮೈದುನಾ... ಅದರ ಕೊರಳು ತಬ್ಬಿ ಮಲಗ್ತಿದ್ಯೋ, ಈಗ ಅದನ್ನ ಯಾರು ತಬ್ತಾರೋ..."

ಪಡಸಾಲೆಯೆಲ್ಲ ಅತ್ತಿತು. ಗುಟ್ಟು ಗೊತ್ತಿದ್ದ ಬಸವಣ್ಣೆಮ್ಮನಿಗೂ ಕಣ್ಣೀರು ತಡೆಯಲಾಗಲಿಲ್ಲ. ಹುಲಿಗೆಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ನೀರು ಕುಡಿಯಲು ಒಳಗೆ ಹೋದಳು.

ಸರದಿ ಬಂತು. ಅನ್ನಪೂರ್ಣಮ್ಮ ತೂಗಾಡಿದಳು, ಹೂಂಕರಿಸಿದಳು. ಬಸವಣ್ಣೆಮ್ಮ ಕೈಜೋಡಿಸಿ ನೋಡುತ್ತಿದ್ದಳು. ಈಗ ಬೈಯುತ್ತಾಳೆ, ಈಗ ಸುಳ್ಳು ಎನ್ನುತ್ತಾಳೆ ಎಂದು ಕಾದಳು.

"ಅತ್ತಿಗೇ..." ಗಂಡುದನಿ ಎದ್ದಿತು. "ಕೊಟ್ಟೂರಪ್ಪ ಬಂದೀನಿ ಅತ್ತಿಗೇ... ನನ್ನ ಬಿಳಿ ಎತ್ತಿಗೆ ನೀರು ಕುಡಿಸಿದ್ರಾ?"

"ಎತ್ತು ಕಂಡ್ರೆ ನಾನು ಗೋಡೆ ಹತ್ತತೀನಿ, ತಾಯಿ!"

ಬಾಗಿಲು ತುಂಬಾ ಕೊಟ್ಟೂರಪ್ಪ ನಿಂತಿದ್ದ. ಓಣಿ ತುದಿಯ ಅಂಗಡಿಯ ಟೀ ಇನ್ನೂ ಮೀಸೆಯಲ್ಲಿತ್ತು.

"ನೀವು ಯಾರು?" ಎಂದಳು ಅನ್ನಪೂರ್ಣಮ್ಮ, ತನ್ನ ಸ್ವಂತ ದನಿಯಲ್ಲಿ.

"ನಿಮ್ಮ ಮೈಮ್ಯಾಗೆ ಬಂದೀನಲ್ಲ, ಅವನೇ. ಇಳಿಸ್ರಿ ಅತ್ಲಾಗೆ, ಅಂಗಡಿ ತೆಗೀಬೇಕು!"

ಕಾದು ಕೂತಿದ್ದವರಲ್ಲಿ ಒಬ್ಬಳು ಪೋರಿ ಮೊದಲು ನಕ್ಕಳು, ಆಮೇಲೆ ಪಡಸಾಲೆಗೆ ಪಡಸಾಲೆಯೇ ನಕ್ಕಿತು. ಅನ್ನಪೂರ್ಣಮ್ಮ ದೇವರಿಗೆ ಅಪಚಾರವಾಯಿತೆಂದು ಕೂಗಾಡಿದರೂ ಯಾರೂ ಕೈಮುಗಿಯಲಿಲ್ಲ. ಹುಲಿಗೆಮ್ಮ ಹಿತ್ತಲಿಗೆ ಜಾರುತ್ತಿದ್ದಳು. ಅಡ್ಡ ನಿಂತವಳು ಸರ್ವಮಂಗಳಮ್ಮ ಅಲ್ಲ, ಬಸವಣ್ಣೆಮ್ಮ.

"ನಿನ್ನ ಮಗನ ಹೆಸರೇನವ್ವಾ?"

ಹುಲಿಗೆಮ್ಮ ಪಕ್ಕದಿಂದ ನುಸುಳಲು ನೋಡಿದಳು.

"ಒಂದು ಹೆಸರು ಕೇಳಿದ್ನವ್ವಾ. ನಿನ್ನ ತೊಡೆ ಮ್ಯಾಗೆ ಮಲಗಿ ಅತ್ತೀನಿ ನಾನು."

"ಮಕ್ಕಳಾಗಿಲ್ಲವ್ವಾ ನನಗೆ," ಎಂದಳು ಹುಲಿಗೆಮ್ಮ, ಪಿಸುದನಿಯಲ್ಲಿ. ಬಸವಣ್ಣೆಮ್ಮ ದಾರಿ ಬಿಟ್ಟಳು.

ಬಸ್ಸು ಹೊರಟ ಮೇಲೆ ಬಸವಣ್ಣೆಮ್ಮ ಅಕ್ಕನ ಕೈ ಹಿಡಿದಳು. "ಹಂಗಾರೆ ಸಿಹಿ ಕೊಡಲಿಲ್ಲ ಅಂತ ಸಿಟ್ಟು ಮಾಡಿದ್ದು ಅವರಲ್ಲ?"

"ಬದುಕಿದ್ದಾಗ ಯಾವತ್ತಾರ ನಿನ್ನ ಮ್ಯಾಲೆ ಸಿಟ್ಟು ಮಾಡಿದ್ನೇನು?"

"ಒಂದು ದಿನಾನೂ ಇಲ್ಲಕ್ಕ."

ಆಗ ಅತ್ತಳು. ಆ ಅಳು ಬೇರೆ ತರ. ಮುಂದಿನ ಸೀಟಿನಿಂದ ತಿರುಗಿದ ಕೊಟ್ಟೂರಪ್ಪ, "ನನಗೂ ಒಂದೀಟು ಅಳವ್ವಾ, ಇವತ್ತೇ ಸತ್ತೀನಿ," ಎಂದ. ಅಳುತ್ತಿದ್ದವಳು ನಕ್ಕುಬಿಟ್ಟಳು.

ಸುದ್ದಿ ಮಲೆಬೆನ್ನೂರಿಗೆ ಮುಟ್ಟಿರಲಿಲ್ಲವೋ, ಮುಟ್ಟಿದರೂ ಗಟ್ಟಿ ಜನವೋ, ಗಂಡಿನ ಕಡೆಯವರು ಮೊದಲೇ ಹೇಳಿದ್ದ ದಿನಕ್ಕೆ ಹೆಣ್ಣು ನೋಡಲು ಬಸವಣ್ಣೆಮ್ಮನ ಮನೆಗೆ ಜೀಪಿನಲ್ಲಿ ಬಂದಿಳಿದರು. ಸರ್ವಮಂಗಳಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದಳು. ಬಸವಣ್ಣೆಮ್ಮ, "ನೀ ಕುಂದ್ರಕ್ಕ," ಎಂದು ತಾನೇ ಬಾಗಿಲಿಗೆ ಹೋದಳು.

"ಬರ್ರಿ, ನೀರು ಕುಡೀರಿ. ಬಿಸಿಲಾಗೆ ಬಂದೀರಿ."

"ಹುಡುಗಿ ಎಲ್ಲಿ?" ಎಂದರು ಅವರು.

"ಪರೀಕ್ಷೆ ಬರೆಯಾಕೆ ಹೋಗ್ಯಾಳೆ," ಎಂದಳು ಬಸವಣ್ಣೆಮ್ಮ, ಬೀದಿಗೆಲ್ಲ ಕೇಳುವ ಹಾಗೆ. "ಇದು ಮುಗಿದ್ರೆ ಇನ್ನೊಂದು ವರ್ಷ ಐತೆ. ಅದಾದ ಮ್ಯಾಲೂ ಓದ್ತೀನಿ ಅಂತಾಳೆ. ಓದ್ಲಿ."